ಅತ್ತೆಗೆ ಹೇಳಿದ್ದು, ಅವ್ವನಿಗೆ ಹೇಳದ್ದು

ನನ್ನ ಬಾಯಿ ದೊಡ್ಡದು. ಇನ್ನೊಬ್ಬರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮುದ್ದೇಬಿಹಾಳದಲ್ಲಿ ನರ್ಸ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಜೊತೆಯವರು ನನ್ನನ್ನು ‘ಸಾಲಿ ಅಕ್ಕೋರು’ ಎಂದು ಕಾಡಿಸತೊಡಗಿದ್ದರು. ಗುಳಿಗೆ ಕೊಟ್ಟು ಮುಂದಿನವರನ್ನು ಕರೆಯುವ ಬದಲು ನಾನು ಒಬ್ಬೊಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಕಾಲು ತಾಸು ಪಾಠ ಮಾಡುತ್ತಿದ್ದೆ. ಹಿಂದೆ ಸಾಲು ಬೆಳೆಯುತ್ತಿತ್ತು, ಡಾಕ್ಟರು ಒಳಗಿನಿಂದ ಬೇಕಂತಲೇ ಕೆಮ್ಮುತ್ತಿದ್ದರು, ನಾನು ಕೇಳಿಸದವಳಂತೆ ಇರುತ್ತಿದ್ದೆ.

ಈ ಹಟಕ್ಕೆ ಕಾರಣವಿತ್ತು. ನಮ್ಮ ಸೀಮೆಯ ಜನ ‘ಹೂಂನ್ರಿ’ ಅನ್ನುವುದು ತಿಳಿಯಿತು ಅಂತಲ್ಲ, ಮರ್ಯಾದೆಗೆ. ಆಸ್ಪತ್ರೆಯವರು ಮಾತಾಡುವಾಗ ತಲೆ ಅಲ್ಲಾಡಿಸದಿದ್ದರೆ ಅವಮಾನ ಮಾಡಿದ ಹಾಗೆ ಎಂದು ಅವರ ಲೆಕ್ಕ. ತಂಗಡಗಿಯ ಒಬ್ಬ ಮುದುಕನಿಗೆ ಕಣ್ಣಿನ ಔಷಧದ ಬಾಟಲಿಯನ್ನು ತಣ್ಣಗಿನ ಜಾಗದಲ್ಲಿ ಇಡಬೇಕು ಎಂದು ಹೇಳಿದ್ದೆ. ಏಳು ಸಲ ಹೂಂ ಅಂದ. ಮನೆಗೆ ಹೋಗಿ ಅದನ್ನು ನೀರಿನ ಕೊಡದೊಳಗೆ ಬಿಟ್ಟಿದ್ದ. ವಾರದ ಮೇಲೆ ಚೀಟಿಯೆಲ್ಲ ಕರಗಿಹೋದ ಬೋಳು ಬಾಟಲಿ ತಂದು, ಇದು ಯಾವ ಔಷಧ, ಎಲ್ಲಿಗೆ ಹಾಕುವುದು ಎಂದು ನನ್ನನ್ನೇ ಕೇಳಿದ. ನಗಬೇಕೋ ಹಣೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತಿನಿಂದ ಬರೀ ಹೂಂಗೆ ನಾನು ಬಗ್ಗುವುದನ್ನು ಬಿಟ್ಟೆ. ನಾನು ಹೇಳಿದ್ದನ್ನು ಅವರು ನನಗೆ ತಿರುಗಿ ಹೇಳಬೇಕು, ಹೇಳಿದ ಮೇಲೆಯೇ ಬೆಂಚಿನಿಂದ ಏಳಬೇಕು. ಒಳಗೊಳಗೇ ಬೈದುಕೊಳ್ಳುತ್ತಿದ್ದರೇನೋ, ಆದರೆ ಹೇಳುತ್ತಿದ್ದರು. ಇಷ್ಟು ಮಾಡಿದರೆ ಪಾಠ ಮುಗಿಯಿತು ಎಂದು ನಾನು ನಂಬಿದ್ದೆ.

ಅಲ್ಲಿಂದ ವರ್ಗವಾಗಿ ಬಸವನ ಬಾಗೇವಾಡಿ ತಾಲೂಕಿಗೆ, ಮನಗೂಳಿಯಿಂದ ಹೆಚ್ಚು ದೂರವಿಲ್ಲದ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ಅಲ್ಲಿ ಗುರುವಾರ ಬಸುರಿಯರ ತಪಾಸಣೆ. ಒಂದು ಗುರುವಾರ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಕುರಿ ಸಾಕುವ ಮನೆಯವರು, ಜೊತೆಗೆ ನಾಲ್ಕೆಕರೆ ತೊಗರಿ ಹೊಲ. ಅತ್ತೆ ಐವತ್ತು ದಾಟಿದ ಗಟ್ಟಿ ಹೆಂಗಸು, ನೂರಾರು ಕುರಿ ಈಯಿಸಿದ ಕೈ. ಸೊಸೆ ಇಪ್ಪತ್ತರ ಹುಡುಗಿ, ಸಿಂದಗಿ ತಾಲೂಕಿನ ದೇವಣಗಾಂವದವಳು, ಚೊಚ್ಚಲ ಬಸುರಿ. ಸೆರಗನ್ನು ಹಣೆ ಮುಚ್ಚುವಷ್ಟು ಎಳೆದುಕೊಂಡು ಅತ್ತೆಯ ಬೆನ್ನ ಹಿಂದೆ ನಿಂತಿರುತ್ತಿದ್ದಳು. ನಾನು ಹುಡುಗಿಗೆ ಹೊಟ್ಟೆ ನೋವು ಇದೆಯಾ ಎಂದು ಕೇಳಿದರೆ ಅತ್ತೆ ಇಲ್ಲ ಅನ್ನುವಳು. ನಿದ್ದೆ ಬರುತ್ತದಾ ಎಂದರೆ ಅತ್ತೆಯೇ ಬರುತ್ತದೆ ಅನ್ನುವಳು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅನುಕೂಲವೇ ಕಂಡಿತು. ಹುಡುಗಿ ನಾಚುತ್ತಾಳೆ, ಅತ್ತೆ ಮನೆಯ ಯಜಮಾನಿ, ಅವಳಿಗೆ ತಿಳಿದರೆ ಮನೆಗೆಲ್ಲ ತಿಳಿದಂತೆ.

ಆರನೇ ತಿಂಗಳಲ್ಲಿ ಹುಡುಗಿಯ ಬಿಪಿ ಏರತೊಡಗಿತು. ಡಾಕ್ಟರು ಗುಳಿಗೆ ಬರೆದು, ಏನೇನು ಕಂಡರೆ ಓಡಿ ಬರಬೇಕು ಎಂಬುದನ್ನು ಚೆನ್ನಾಗಿ ತಿಳಿಸಿ ಎಂದು ನನ್ನ ಕಡೆ ಕಳಿಸಿದರು. ನನಗಿನ್ನೇನು ಬೇಕು! ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಶುರು ಮಾಡಿದೆ. ಮುಖ, ಕೈ ಬಾತುಕೊಂಡರೆ, ತಲೆ ಸಿಡಿಯುವಂತೆ ನೋವು ಬಂದರೆ, ಕಣ್ಣು ಮಂಜಾದರೆ, ಎದೆಯ ಕೆಳಗೆ ನೋವು ಹಿಡಿದುಕೊಂಡರೆ, ಕೂಸು ಆಡುವುದು ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬಾರದು. ಅತ್ತೆ ಬೆರಳು ಮಡಚುತ್ತ ಐದನ್ನೂ ತಿರುಗಿ ಹೇಳಿದಳು. ಮುಂದಿನ ಗುರುವಾರ ಕೇಳಿದೆ, ಆಗಲೂ ಹೇಳಿದಳು. ನಡುವೆ ತಪ್ಪಿಸಿ ಕೇಳಿದೆ, ಅದನ್ನೂ ಹೇಳಿದಳು. ಇಂಥ ಜಾಣೆ ಈ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿಲ್ಲ ಎಂದು ನಾನು ಜೊತೆಯವರ ಮುಂದೆ ಜಂಬ ಕೊಚ್ಚಿಕೊಂಡೆ. ಸೊಸೆ ಅಷ್ಟೂ ದಿನ ಹಿಂದೆಯೇ ನಿಂತಿದ್ದಳು. ಅವಳ ಕಡೆ ತಿರುಗಿ ನಾನು ಒಂದು ಮಾತೂ ಆಡಲಿಲ್ಲ.

ಇಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನು ಇಂಡಿಯವಳು. ಗಂಡನ ಮನೆ ಮುದ್ದೇಬಿಹಾಳ. ಚೊಚ್ಚಲಕ್ಕೆ ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿಸಿಕೊಂಡು, ತವರಿನವರು ತಂದ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಇಂಡಿಗೆ ಹೋಗಿದ್ದೆ. ಅಲ್ಲಿಯೇ ಹಡೆದು ಐದು ತಿಂಗಳ ಕೂಸಿನೊಂದಿಗೆ ವಾಪಸು ಬಂದವಳು. ನಮ್ಮ ಕಡೆ ಚೊಚ್ಚಲ ಬಸುರಿ ಏಳು ತಿಂಗಳಾದ ಮೇಲೆ ಅತ್ತೆಮನೆಯಲ್ಲಿ ಇರುವುದಿಲ್ಲ ಎಂಬುದು ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಅಪಾಯ ಬರುವುದು ಏಳರ ನಂತರ. ಆಗ ಕಣ್ಣಿಟ್ಟು ನೋಡಬೇಕಾದವಳು ದೇವಣಗಾಂವದಲ್ಲಿರುವ ಹಡೆದವ್ವ. ನಾನು ಪಾಠ ಹೇಳಿದ್ದು ಮನಗೂಳಿ ಕಡೆಯ ಅತ್ತೆಗೆ. ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ ಶಿವನೇ ಬಲ್ಲ.

ಕುಬಸ ಆಯಿತು, ಹುಡುಗಿ ತವರಿಗೆ ಹೋದಳು. ತಪಾಸಣೆಯ ವಿವರ ಬರೆದ ತಾಯಿ ಕಾರ್ಡು ಕಳೆದುಹೋದೀತು ಎಂದು ಅತ್ತೆ ಜೋಪಾನವಾಗಿ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು. ಎರಡು ಗುರುವಾರ ಹುಡುಗಿ ಬರಲಿಲ್ಲ. ವಿಚಾರಿಸಿದೆ, ತವರಿಗೆ ಹೋಗಿದ್ದಾಳೆ ಎಂದರು. ‘ತವರಿಗೆ ಹೋಗಿದ್ದಾಳೆ’ ಎಂದು ರಿಜಿಸ್ಟರಿನಲ್ಲಿ ಬರೆದು ಹಾಳೆ ತಿರುವಿದೆ. ದೇವಣಗಾಂವದ ಆಶಾ ಕಾರ್ಯಕರ್ತೆಗೆ ಒಂದು ಫೋನು ಹಚ್ಚಿದ್ದರೆ ಎರಡು ನಿಮಿಷದ ಕೆಲಸ.

ದೇವಣಗಾಂವದಲ್ಲಿ ಏನಾಯಿತು ಎಂಬುದನ್ನು ಆಮೇಲೆ ಕೇಳಿ ತಿಳಿದುಕೊಂಡೆ. ತವರಿಗೆ ಬಂದ ಮಗಳಿಗೆ ಅವ್ವ ಬೇಡ ಬೇಡ ಅಂದರೂ ಹೋಳಿಗೆ, ಕರಿಗಡುಬು, ಎಮ್ಮೆ ತುಪ್ಪ ಅಂತ ಬಡಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ಮಗಳ ಮುಖ ದುಂಡಗಾಯಿತು, ಕೈ ತುಂಬಿಕೊಂಡಿತು. ಕುಬಸದಲ್ಲಿ ತೊಡಿಸಿದ ಬಳೆಗಳು ಮುಂಗೈಯಲ್ಲಿ ಅಲುಗದಂತೆ ಕೂತವು. ಓಣಿಯ ಹೆಂಗಸರು ಬಂದು ನೋಡಿ, ತವರಿನ ಅನ್ನ ಮೈಗೆ ಹತ್ತಿದೆ ಎಂದರು. ಅವ್ವ ಹಿಗ್ಗಿದಳು. ಅತ್ತೆಮನೆಯಿಂದ ಕಡ್ಡಿಯಂತೆ ಬಂದವಳನ್ನು ತಾನು ಹೀಗೆ ಮಾಡಿದೆ ಎಂದು ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿದಳು. ಹುಡುಗಿಗೆ ತಲೆನೋವು ಬಂತು. ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ತಲೆಗೆ ಬಟ್ಟೆ ಕಟ್ಟಿದರು. ಎರಡನೇ ದಿನ ಬೆಳಿಗ್ಗೆ ಅಂಗಳದಲ್ಲಿ ಕೂತಲ್ಲೇ ಅವಳಿಗೆ ಫಿಟ್ಸ್ ಬಂತು. ಕೈಕಾಲು ಸೆಟೆದು ಬಿದ್ದಾಗ ಬಳೆಗಳು ಒಡೆದು ಮುಂಗೈಗೆ ಹೊಕ್ಕವು. ಸಿಂದಗಿಗೆ ಒಯ್ದರು, ಅಲ್ಲಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಕೂಸು. ಹುಡುಗಿಗೆ ಮೂರು ದಿನ ಎಚ್ಚರವಿರಲಿಲ್ಲ.

ಸುದ್ದಿ ಕೇಳಿ ರಜೆ ಹಾಕಿ ವಿಜಯಪುರಕ್ಕೆ ಹೋದೆ. ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ಎರಡೂ ಮನೆಯವರು ಎರಡು ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಅತ್ತೆ ಎದ್ದು ಬಂದು ನನ್ನ ರಟ್ಟೆ ಹಿಡಿದು ಎಲ್ಲರ ನಡುವೆ ನಿಲ್ಲಿಸಿದಳು.

“ಕೇಳ್ರಿ ಈ ನರ್ಸಬಾಯಾರನ್ನ. ಮಾರಿ ಬಾತರ, ತಲಿ ಸಿಡಿದರ ತಡಾ ಮಾಡಬ್ಯಾಡ ಅಂತ ನನಗ ಬೆರಳ ಮಡಿಚಿ ಹೇಳಿಕೊಟ್ಟಾರ. ನಮ್ಮ ಮನ್ಯಾಗ ಇದ್ದಿದ್ರ ಕೂಸು ಉಳೀತಿತ್ತು. ಈಕಿ ಹೋಳಗಿ ತಿನಿಸಿ ಕೊಂದ್ಲು.”

ಈಕಿ ಅಂದರೆ ಹುಡುಗಿಯ ಅವ್ವ. ಗೋಡೆಯ ಬುಡದಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ ತೆಳ್ಳಗಿನ ಹೆಂಗಸು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದು ಮೆಲ್ಲಗೆ ಅಂದಳು. ಅಷ್ಟೇ. ಜಗಳಕ್ಕೂ ಬರಲಿಲ್ಲ, ಅಳಲೂ ಇಲ್ಲ. ನಾನು ಏನಾದರೂ ಹೇಳುತ್ತೇನೆ ಎಂದು ಕಾದಂತೆ ನೋಡುತ್ತಿದ್ದಳು.

ಹೇಳಬೇಕಾಗಿತ್ತು. ಹೌದು, ಅವಳಿಗೆ ಯಾರೂ ಹೇಳಿಲ್ಲ, ಹೇಳಬೇಕಾದವಳು ನಾನು, ನಾನು ಹೇಳಲಿಲ್ಲ. ಇಷ್ಟೇ ಮಾತು. ನಾಲಿಗೆಯ ತುದಿಯವರೆಗೆ ಬಂತು. ಆದರೆ ಎದುರಿಗೆ ಏಳೆಂಟು ಗಂಡಸರು, ಸತ್ತ ಕೂಸಿನ ಸಿಟ್ಟು, ನನ್ನ ನೌಕರಿ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆ ಎಲ್ಲರ ಮುಂದೆ ನನ್ನನ್ನು ಹೊಗಳುತ್ತಿದ್ದಳು. ಆ ಹೊಗಳಿಕೆಯ ಹಿಂದೆ ನಾನು ಅಡಗಿಕೊಂಡೆ. ದೇವರು ಮಾಡಿದ್ದು, ಯಾರನ್ನು ಅಂದು ಏನು ಫಲ ಎಂಬಂಥ ಒಂದು ಹಾರಿಕೆ ಮಾತು ಆಡಿ ವಾರ್ಡಿನೊಳಗೆ ಹೋದೆ. ಹೇಡಿತನ ಅದು, ಬೇರೆ ಹೆಸರಿಲ್ಲ.

ಹುಡುಗಿಗೆ ಎಚ್ಚರವಾಗಿತ್ತು. ಮುಂಗೈಗೆ ಪಟ್ಟಿ ಕಟ್ಟಿದ್ದರು. ಸೆರಗು ತಲೆಯ ಮೇಲಿಲ್ಲದೆ ಅವಳ ಮುಖವನ್ನು ನಾನು ಪೂರ್ತಿ ನೋಡಿದ್ದು ಅವತ್ತೇ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ತಲೆನೋವು ಬಂದಾಗ ಅವ್ವನಿಗೆ ಹೇಳಬಾರದಿತ್ತೇ, ನಾನು ಹೇಳಿದ್ದು ನಿನ್ನ ಕಿವಿಗೆ ಬಿದ್ದಿರಲಿಲ್ಲವೇ ಎಂದು ಕೇಳಿದೆ. ನೋಡಿ, ಅಲ್ಲಿಯೂ ತಪ್ಪನ್ನು ಅವಳ ಮೇಲೆ ಹಾಕುವ ಕೆಟ್ಟ ಬುದ್ಧಿ.

“ಎಲ್ಲಾ ಕೇಳಿದ್ದೆರಿ,” ಅಂದಳು. “ನೀವು ಅತ್ತಿಗೆ ಹೇಳಾಕತ್ತಿದ್ರಿ. ಅದು ದೊಡ್ಡವರು ನೋಡೂದು ಅಂತ ತಿಳಕೊಂಡೆ. ಮತ್ತ ನಾ ಮೈ ತುಂಬೇನಿ ಅಂತ ಅವ್ವ ಖುಷಿ ಆಗಿದ್ಲರಿ. ಅದನ್ನ ಹೆಂಗ ಕೆಡಸ್ಲಿ?”

ನಾನು ಎದ್ದು ಹೊರಗೆ ಬಂದು ನೇರ ಬಸ್‌ಸ್ಟ್ಯಾಂಡಿಗೆ ಹೋದೆ. ಕಾರಿಡಾರಿನಲ್ಲಿ ಆ ಅವ್ವನ ಕಡೆ ನೋಡಲಿಲ್ಲ.

ಅಲ್ಲಿಂದ ಮುಂದೆ ನನ್ನ ಗುರುವಾರಗಳು ಬದಲಾದವು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ನೀವು ಅನ್ನಬಹುದು, ಅನ್ನಿ. ಬಸುರಿ ಬಂದರೆ ಮೊದಲು ಅವಳನ್ನು ಒಬ್ಬಳನ್ನೇ ಒಳಗೆ ಕರೆಯುತ್ತೇನೆ. ಅತ್ತೆಯರು ಗೊಣಗುತ್ತಾರೆ, ಗೊಣಗಲಿ. ಮೊದಲ ಪ್ರಶ್ನೆ, ಎಲ್ಲಿ ಹಡೆಯುತ್ತೀ? ಎರಡನೆಯದು, ಅಲ್ಲಿ ನಿನ್ನ ಮಗ್ಗುಲಲ್ಲಿ ಮಲಗುವವರು ಯಾರು? ಆಮೇಲೆ ಅವರಿಗೆ ಅವಳ ಎದುರಿಗೇ ಫೋನು. ಅವರ ಊರಿನ ಆಶಾ ಕಾರ್ಯಕರ್ತೆಗೂ ಫೋನು. ಪಾಠ ಒಪ್ಪಿಸಬೇಕಾದವಳು ಬಸುರಿಯೇ. ಬಾಯಿ ಬಿಡದ ಹುಡುಗಿಯರ ಎದುರಿಗೆ ನಾನೂ ಬಾಯಿ ಮುಚ್ಚಿ ಕೂರುವುದನ್ನು ಕಲಿತೆ. ಅದು ನನಗೆ ಎಷ್ಟು ಕಷ್ಟ ಎಂದು ನನ್ನ ಮನೆಯವರನ್ನು ಕೇಳಿ. ಸುಮ್ಮನೆ ಐದು ನಿಮಿಷ ಕೂತರೆ ಅವರಾಗಿ ಒಂದು ಮಾತು ಆಡುತ್ತಾರೆ. ಆ ಒಂದು ಮಾತು ಸಾಮಾನ್ಯವಾಗಿ ನಾವು ಕೇಳಬೇಕು ಅಂದುಕೊಳ್ಳದೇ ಇದ್ದದ್ದು.

ಆ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಹುಡುಗಿ ಅತ್ತೆಮನೆಗೆ ಮರಳಿದ್ದಳು, ಆದರೆ ಅವ್ವ ಆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಹುಡುಗಿ ಮತ್ತೆ ಬಸುರಿಯಾಗಿ ನನ್ನೆದುರು ಕೂತಳು. ಈ ಸಲ ಹೆರಿಗೆ ವಿಜಯಪುರದ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ವಾರ ವಾರ ಬಿಪಿ ನೋಡಬೇಕು ಎಂದು ಡಾಕ್ಟರು ಮೊದಲ ದಿನವೇ ಬರೆದರು. ತವರಿಗೆ ಕಳಿಸುವ ಮಾತೇ ಇಲ್ಲ ಎಂದು ಅತ್ತೆ ಹೊರಗಿನ ಬೆಂಚಿನಿಂದಲೇ ಸಾರಿದಳು. ಹುಡುಗಿ ಒಳಗೆ ನನ್ನೆದುರು ತುಂಬ ಹೊತ್ತು ಸುಮ್ಮನಿದ್ದು, ತನಗೆ ಅವ್ವನ ಹತ್ತಿರ ಇರಬೇಕೆನಿಸುತ್ತದೆ, ಅವ್ವ ಸರಿಯಾಗಿ ಉಣ್ಣುತ್ತಿಲ್ಲವಂತೆ ಎಂದಳು. ಆ ಅವ್ವ ಯಾಕೆ ಉಣ್ಣುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ರಾತ್ರಿ ನನಗೂ ಅನ್ನ ಇಳಿಯಲಿಲ್ಲ.

ನೆಂಟರ ಬಾಯಿಗೆ ಹೆದರಿ ಅತ್ತೆ ಕುಬಸ ಮಾತ್ರ ಮಾಡಲು ಒಪ್ಪಿದಳು. ಹುಡುಗಿ ನನ್ನನ್ನೂ ಕರೆದಳು. ಹೋದೆ. ದೇವಣಗಾಂವದ ಅವ್ವ ಬುತ್ತಿಯ ಬುಟ್ಟಿ ಹೊತ್ತು ಬಂದಿದ್ದಳು. ಬುಟ್ಟಿಯನ್ನು ಇಳಿಸಿಕೊಂಡರು, ಅವಳನ್ನು ಯಾರೂ ಮಾತಾಡಿಸಲಿಲ್ಲ. ಬಾಗಿಲ ಮರೆಯಲ್ಲಿ ನಿಂತೇ ಮಗಳಿಗೆ ಬಳೆ ತೊಡಿಸುವುದನ್ನು ನೋಡುತ್ತಿದ್ದಳು. ಉಡಿ ತುಂಬಿ ಆರತಿ ಆಯಿತು. ಹೆಂಗಸರು ಹಾಡು ಮುಗಿಸಿ ಎಲೆ ಅಡಿಕೆಗೆ ಕೈಚಾಚಿದಾಗ ನಾನು ಎದ್ದು ನಿಂತೆ. ಬಾಗಿಲ ಮರೆಯಲ್ಲಿದ್ದ ಅವ್ವನ ಕಡೆ ಕೈ ತೋರಿಸಿದೆ.

“ಹೋದ ಸಲ ಆದ ತಪ್ಪು ಇವರದಲ್ಲ, ನಂದು,” ಅಂದೆ. “ಅತ್ತಿಗೆ ಹೇಳಿದೆ. ಹಡದವ್ವಗ ಹೇಳಲಿಲ್ಲ. ಬಸುರಿಗೂ ಹೇಳಲಿಲ್ಲ. ತವರಿಗೆ ಹೋಗ್ತಾಳ ಅನ್ನೂದು ಗೊತ್ತಿದ್ದೂ ಫೋನು ಹಚ್ಚಲಿಲ್ಲ. ಇವರಿಗೆ ತಿಳಿದಿದ್ರ ಕೂಸಿನ್ನ ಉಳಿಸಿಕೊಂತಿದ್ರು.”

ಅತ್ತೆಯ ಮುಖ ಕೆಂಪಗಾಯಿತು. ಅವಳು ಬೈದರೆ ಬೈಸಿಕೊಳ್ಳೋಣ ಎಂದುಕೊಂಡು ನಿಲ್ಲದೆ ಮುಂದುವರಿಸಿದೆ. ಅವ್ವನನ್ನು ಬಾಗಿಲ ಮರೆಯಿಂದ ಕರೆದು ಅತ್ತೆಯ ಪಕ್ಕ ಕೂರಿಸಿದೆ. ಹುಡುಗಿಯ ಕೈಯನ್ನು ಇಬ್ಬರ ಮುಂದೆಯೂ ಹಿಡಿದು, ಹೊಸ ಬಳೆಗಳನ್ನು ಬೆರಳಿನಿಂದ ತಿರುಗಿಸಿ ತೋರಿಸಿದೆ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹೀಗೆ ತಿರುಗಿಸಿ ನೋಡಬೇಕು. ತಿರುಗಿದರೆ ಸರಿ, ಆದರೂ ವಾರಕ್ಕೊಮ್ಮೆ ಬಿಪಿ ತಪ್ಪಿಸಬಾರದು, ಯಾಕೆಂದರೆ ಬಾವು ಇಲ್ಲದೆಯೂ ಬಿಪಿ ಏರುತ್ತದೆ. ಬಳೆ ಬಿಗಿಯಾಗಿ ಕೂತರೆ ಅದು ತವರಿನ ಅನ್ನವಲ್ಲ, ನೀರು ತುಂಬಿದ್ದು, ಅವತ್ತೇ ಹೋಗಿ ತೋರಿಸಬೇಕು. ತಲೆನೋವು, ಕಣ್ಣು ಮಂಜು ಬಂದರಂತೂ ವಿಜಯಪುರವೇ. ಬಳೆ ತೆಗೆಯಬೇಕಾಗಿ ಬಂದರೆ ತೆಗೆಯಿರಿ, ಅದಕ್ಕೆ ಅಪಶಕುನ ಇಲ್ಲ. ಅಲ್ಲಿದ್ದ ಮುದುಕಿಯೊಬ್ಬಳು ಸಾವಕಾಶವಾಗಿ ಹೌದೆಂದು ತಲೆದೂಗಿದಳು. ಮೊದಲು ಹುಡುಗಿಯ ಬಾಯಿಂದ ಎಲ್ಲವನ್ನೂ ತಿರುಗಿ ಹೇಳಿಸಿದೆ, ಆಮೇಲೆ ಅವ್ವನ ಬಾಯಿಂದ. ಅವ್ವ ಎರಡು ಕಡೆ ತಡವರಿಸಿದಾಗ ಅತ್ತೆಯೇ ನೆನಪಿಸಿಕೊಟ್ಟಳು. ಆ ಮೇಲೆ ಅತ್ತೆ ಎದ್ದು ಟ್ರಂಕು ತೆಗೆದು, ಈ ಸಲದ ತಾಯಿ ಕಾರ್ಡನ್ನು ತಂದು ಬೀಗಿತ್ತಿಯ ಉಡಿಯಲ್ಲಿ ಹಾಕಿದಳು. ಕರೆದುಕೊಂಡು ಹೋಗಿ ಎಂದಳು. ನನ್ನ ಕಡೆ ನೋಡಲಿಲ್ಲ. ಆಮೇಲೆ ಎಷ್ಟೋ ತಿಂಗಳು ನನ್ನೊಂದಿಗೆ ಮಾತು ಬಿಟ್ಟಳು. ಅದು ಅವಳ ಹಕ್ಕು.

ಎಂಟು ತಿಂಗಳು ತುಂಬುತ್ತಿದ್ದಾಗ ಒಂದು ಮುಂಜಾನೆ ಹುಡುಗಿಯೇ ಅವ್ವನನ್ನು ಎಬ್ಬಿಸಿ, ಬಳೆ ತಿರುಗುತ್ತಿಲ್ಲ, ತಲೆ ಭಾರವಾಗಿದೆ ಎಂದಳಂತೆ. ಅವ್ವ ಹೋಳಿಗೆಗೆ ನೆನೆಹಾಕಿದ್ದ ಕಡಲೆಬೇಳೆಯನ್ನು ಹಾಗೆಯೇ ಬಿಟ್ಟು, ಓಣಿಯವರ ಗಾಡಿ ಹಿಡಿದು ವಿಜಯಪುರಕ್ಕೆ ಹೊರಟು, ಹಾದಿಯಲ್ಲೇ ನನಗೆ ಫೋನು ಮಾಡಿದಳು. ಕಾರ್ಡು ತನ್ನ ಕೈಯಲ್ಲಿದೆ ಎಂದು ಎರಡು ಸಲ ಹೇಳಿದಳು. ಬಿಪಿ ವಿಪರೀತ ಏರಿತ್ತು, ಫಿಟ್ಸ್ ಬಂದಿರಲಿಲ್ಲ. ಅವತ್ತು ಮಧ್ಯಾಹ್ನವೇ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು ಕೂಸು, ಅಂಗೈಯಷ್ಟಿತ್ತು, ಆದರೆ ಅಳುತ್ತಿತ್ತು.

ವಾರದ ರಜೆಯ ದಿನ ನೋಡಲು ಹೋದೆ. ಮನಸ್ಸು ಹಗುರವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಪಾಪ ತೊಳೆದುಹೋಯಿತು ಎಂಬ ಭಾವನೆ ಇತ್ತು. ತಾಯಿ ಕೂಸು ಇಬ್ಬರನ್ನೂ ನೋಡಿ ಹೊರಗೆ ಬಂದೆ. ಅದೇ ಕಾರಿಡಾರಿನಲ್ಲಿ ಅವ್ವ ಕೂತಿದ್ದಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಸ್ಟೀಲಿನ ಲೋಟದಲ್ಲಿ ಚಹಾ ಬಗ್ಗಿಸಿ ಕೊಟ್ಟಳು. ತುಂಬ ಉಪಕಾರವಾಯಿತು, ಮಗಳು ಕೂಸು ಎರಡೂ ಉಳಿದವು ಎಂದಳು. ನಾನು ಚಹಾ ಕುಡಿದು ಮುಗಿಸುವವರೆಗೆ ಕಾದಳು.

“ಕುಬಸದಾಗ ತಪ್ಪು ನಂದು ಅಂದ್ರೆಲ್ಲ, ಛಲೋ ಆತ್ರಿ,” ಅಂದಳು. “ಆದ್ರ ಆ ಮಾತು ಅವತ್ತು ಇಲ್ಲೇ ಅಂದಿದ್ರ, ನಾ ಎರಡು ವರ್ಸ ನನ್ನ ಕೈಯಾರೆ ಕೂಸಿನ್ನ ಕೊಂದೇನಿ ಅಂತ ಅನಕೊಂಡು ಬದುಕತಿರಲಿಲ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳಿದಂತೆ ಹೇಳಿದಳು. ತಪ್ಪಾಯಿತು ಎಂದೆ. ನನ್ನ ಕೈಯಿಂದ ಲೋಟ ತೆಗೆದುಕೊಂಡು, ಮಗಳಿಗೆ ಗಂಜಿ ಕುಡಿಸುವ ಹೊತ್ತಾಯಿತು ಎಂದು ಎದ್ದು ಒಳಗೆ ಹೋದಳು.